ಹಿಡಿಯುವವಳ ತಂಗಿ

ಮೊದಲೇ ಹೇಳಿಬಿಡುತ್ತೇನೆ, ನಾನು ಹೊಟ್ಟೆಕಿಚ್ಚಿನವಳು. ಅಕ್ಕನ ಬಗ್ಗೆ ಬರೆಯೋಣ ಎಂದು ಕೂತರೆ ಮೊದಲ ಸಾಲಿಗೇ ನನ್ನ ವಿಷಯ ಬಂತು ನೋಡಿ, ಅಷ್ಟರಮಟ್ಟಿಗೆ. ಅವಳ ಬದುಕನ್ನು ನನ್ನಷ್ಟು ಹತ್ತಿರದಿಂದ ಕಂಡವರು ಯಾರೂ ಇಲ್ಲ, ನನ್ನಷ್ಟು ವಕ್ರಗಣ್ಣಿನಿಂದ ಕಂಡವರೂ ಇಲ್ಲ. ಓದುವವರು ಸ್ವಲ್ಪ ಹುಷಾರಾಗಿದ್ದರೆ ಒಳ್ಳೆಯದು.

ಅಕ್ಕ ಟ್ರಪೀಜ್‌ನಲ್ಲಿ ಹಿಡಿಯುವವಳು. ಸರ್ಕಸ್ ನೋಡಿ ಮನೆಗೆ ಹೋದವರಿಗೆ ಹಾರಿದವರು ನೆನಪಿರುತ್ತಾರೆ. ಎದುರಿನ ಜೋಕಾಲಿಗೆ ಮಂಡಿ ಸಿಕ್ಕಿಸಿ, ತಲೆಕೆಳಗಾಗಿ ತೂಗುತ್ತಾ, ಹಾರಿ ಬಂದವರ ಮಣಿಕಟ್ಟನ್ನು ಗಪ್ಪನೆ ಹಿಡಿಯುವ ವ್ಯಕ್ತಿ ಯಾರಿಗೂ ನೆನಪಿರುವುದಿಲ್ಲ. ಅಕ್ಕ ಮೂವತ್ತೊಂದು ವರ್ಷ ಆ ಕೆಲಸ ಮಾಡಿದಳು. ಅಷ್ಟೂ ವರ್ಷ ಹಾರಿದವಳು ನಾನು. ಚಪ್ಪಾಳೆಯೆಲ್ಲ ನನಗೇ ಬರುತ್ತಿತ್ತು. ಆದರೂ ಹೊಟ್ಟೆಕಿಚ್ಚು ಯಾಕೆ ಎಂದು ನೀವು ಕೇಳಬಹುದು. ಅದನ್ನೇ ಹೇಳಹೊರಟಿದ್ದೇನೆ.

ನಮ್ಮಪ್ಪ ಸರ್ಕಸ್ ಕಂಪನಿಯಲ್ಲಿ ಬಲೆ ಕಟ್ಟುವವನು. ಅಮ್ಮ ಆಟದವರ ಬಟ್ಟೆಗೆ ಮಿಣುಕು ಹೊಲಿಯುತ್ತಿದ್ದಳು. ಡೇರೆಯ ಹಿಂದೆ ನಿಲ್ಲುತ್ತಿದ್ದ ಲಾರಿಯೇ ನಮ್ಮ ಮನೆ. ಅಕ್ಕ ಎಂಟು ವರ್ಷಕ್ಕೇ ಹಾರಲು ಕಲಿತಳು. ನಾನಾಗ ಮೂರು ವರ್ಷದ ಕೂಸು, ಅಮ್ಮನ ಸೊಂಟದ ಮೇಲೆ ಕೂತು ನೋಡುತ್ತಿದ್ದೆನಂತೆ. ಅಕ್ಕ ಕೈತಪ್ಪಿ ಬಲೆಗೆ ಬಿದ್ದಾಗಲೆಲ್ಲ ಕೇಕೆ ಹಾಕಿ ಚಪ್ಪಾಳೆ ತಟ್ಟುತ್ತಿದ್ದೆನಂತೆ. ಅಮ್ಮ ಇದನ್ನು ಅಕ್ಕನ ಮೇಲಿನ ಪ್ರೀತಿ ಎಂದುಕೊಂಡಿದ್ದಳು, ಪಾಪ.

ಹದಿನೈದು ದಾಟುವುದರೊಳಗೆ ಅಕ್ಕ ಸರಸರನೆ ಬೆಳೆದುಬಿಟ್ಟಳು. ಕಂಪನಿಯ ಮೇಷ್ಟ್ರು ಒಂದು ದಿನ ಬಲೆಯ ತುಂಡು ಹಗ್ಗ ತಂದು ಅವಳ ಕೈ ಅಳೆದರು. "ನೋಡು, ನಿನ್ನ ಕೈ ಒಂದು ಗೇಣು ಜಾಸ್ತಿನೇ ಇದೆ. ತೂಕಾನೂ ಏರಿದೆ. ಹಾರಿದ್ದು ಸಾಕು. ಇನ್ಮೇಲೆ ಆ ಕಡೆ ನೇತಾಡು" ಎಂದರು. ಅಕ್ಕ ಮೂರು ದಿನ ಲಾರಿಯಲ್ಲಿ ಬಲೆಯ ಸುರುಳಿಯ ಹಿಂದೆ ಕೂತು ಅತ್ತಳು. ನನಗೆ ಮಾತ್ರ ಕುಣಿಯುವಷ್ಟು ಖುಷಿ, ಯಾಕೆಂದರೆ ಅವಳ ನೀಲಿ ಮಿಣುಕಿನ ಅಂಗಿ ನನಗೆ ಬಂತು. ಅಮ್ಮ ಅದರ ಎರಡೂ ಪಕ್ಕ ಹಿಡಿದು ಹೊಲಿಯುವಾಗ ನಾನು ಕೈಗನ್ನಡಿ ಹಿಡಿದು ಹಲ್ಲು ಕಿರಿಯುತ್ತಿದ್ದೆ. ಅಕ್ಕ ಊದಿದ ಕಣ್ಣಿನಲ್ಲೇ ಬಂದು ನೋಡಿ, "ಭುಜದ ಹತ್ರ ಇನ್ನೊಂಚೂರು ಬಿಗಿ ಮಾಡಮ್ಮ, ಹಾರುವಾಗ ಜಾರುತ್ತೆ" ಎಂದಳು.

ಮರುವರ್ಷ ಮೊದಲ ಸಲ ನಾನು ಅವಳ ಕೈಗೆ ಹಾರಿದೆ. ಏಣಿಯ ತುದಿಯ ಹಲಗೆಯ ಮೇಲೆ ನಿಂತು ಪಕ್ಕದ ಕಂಬವನ್ನು ಬಿಡದೆ ಹಿಡಿದುಕೊಂಡೆ. ಆಚೆ ತುದಿಯಲ್ಲಿ ತಲೆಕೆಳಗಾಗಿ ತೂಗುತ್ತಿದ್ದ ಅಕ್ಕ ಕೂಗಿ ಹೇಳಿದಳು: "ನೀನು ನನ್ನನ್ನ ಹುಡುಕ್ಬೇಡ ಕಣೇ. ಕೈ ಚಾಚಿ ಸುಮ್ನೆ ಬಾ. ನಾನೇ ಹಿಡಿತೀನಿ." ಚಾಚಿದೆ. ಹಿಡಿದಳು. ಆ ಕ್ಷಣದಲ್ಲಿ ನನಗೆ ಆದದ್ದನ್ನು ಹೇಳಲು ಈಗಲೂ ಬರುವುದಿಲ್ಲ. ಅವಳು ನನ್ನವಳು, ಬೇರೆ ಯಾರ ಕೈಯನ್ನೂ ಹಿಡಿಯಬಾರದು ಎಂದು ಅನಿಸಿದ್ದು ಮಾತ್ರ ಚೆನ್ನಾಗಿ ನೆನಪಿದೆ.

ಆದರೆ ಹಿಡಿಯುವವಳ ಕೆಲಸವೇ ಬಂದವರನ್ನೆಲ್ಲ ಹಿಡಿಯುವುದು. ಕಂಪನಿಯಲ್ಲಿ ಇನ್ನೂ ಇಬ್ಬರು ಹಾರುತ್ತಿದ್ದರು. ಅಕ್ಕ ಅವರನ್ನು ಹಿಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಒಮ್ಮೆ ಅವರಲ್ಲೊಬ್ಬಳು ಅಂಗೈಗೆ ಹಚ್ಚಿಕೊಳ್ಳುವ ಬಿಳಿ ಪುಡಿಯ ಚೀಲಕ್ಕೆ ನೀರು ಚಿಮುಕಿಸಿದೆ. ಅಕ್ಕನಿಗೆ ಗೊತ್ತಾಯಿತು. ಬೈಯುತ್ತಾಳೆ ಎಂದು ನಾನು ಕಾದೆ. ಅವಳು ತನ್ನ ಚೀಲವನ್ನು ಆ ಹುಡುಗಿಗೆ ಕೊಟ್ಟು, ಒದ್ದೆಯಾದದ್ದನ್ನು ಬಿಸಿಲಿಗೆ ಹರಡಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅವಳಿಗೆ ಬೇರೆ ಬದುಕು ಇರಲಿಲ್ಲವೇ ಎಂದರೆ, ಇರಲಿಲ್ಲ. ಯಾರನ್ನಾದರೂ ಭೇಟಿಯಾದರೆ ಕೈ ಕುಲುಕುವ ಬದಲು ಮಣಿಕಟ್ಟನ್ನೇ ಹಿಡಿಯುವಳು. ಎಷ್ಟೋ ಜನ ಗಾಬರಿಬಿದ್ದು ಕೈ ಕಿತ್ತುಕೊಂಡದ್ದುಂಟು. ಟಿಕೆಟ್ ಕೊಡುವವನು ಒಮ್ಮೆ ಧೈರ್ಯ ಮಾಡಿ ಮದುವೆಯ ಮಾತೆತ್ತಿದ. ಅಕ್ಕ ಅವನ ಮಣಿಕಟ್ಟನ್ನು ಹಿಡಿದು ನೋಡಿ, "ನಿಮ್ಮ ಕೈ ತುಂಬಾ ಬೆವರುತ್ತೆ. ನಂಗಾಗಲ್ಲ" ಎಂದು ಕಳಿಸಿದಳು. ಆ ಮನುಷ್ಯ ಮುಂದಿನ ಊರಿನಲ್ಲಿ ಕಂಪನಿಯನ್ನೇ ಬಿಟ್ಟ. ನಾನು ಆ ವಾರವೆಲ್ಲ ಹಾಡು ಗುನುಗುತ್ತಾ ಓಡಾಡಿದೆ.

ಅಪ್ಪ ಅಮ್ಮ ಹೋದರು. ಕಂಪನಿ ಮುಚ್ಚಿತು. ನಾವಿಬ್ಬರೂ ಒಂದು ಹಳೆಯ ಪೀಠೋಪಕರಣದ ಗೋದಾಮನ್ನು ಬಾಡಿಗೆಗೆ ಹಿಡಿದು ಶಾಲೆ ತೆರೆದೆವು. ಮೇಲೆ ಕಬ್ಬಿಣದ ತೊಲೆಗಳು, ಮಧ್ಯೆ ಅಪ್ಪನ ಬಲೆ, ಒಂದು ಮೂಲೆಯಲ್ಲಿ ನಮ್ಮ ಎರಡು ಮಂಚ, ಒಂದು ಒಲೆ. ಕಲಿಯಲು ತರಹೇವಾರಿ ಜನ ಬಂದರು. ಮೇಲಿನಿಂದ ಇಳಿಬಿಟ್ಟ ಉದ್ದ ಬಟ್ಟೆಗೆ ಸುತ್ತಿಕೊಂಡು ಫೋಟೋ ತೆಗೆಸಿಕೊಳ್ಳಲೆಂದೇ ಕೆಲವು ಹುಡುಗಿಯರು ಬರುತ್ತಿದ್ದರು. ತೊಡೆಯಷ್ಟು ದಪ್ಪ ತೋಳಿನವನೊಬ್ಬ ಜೋಕಾಲಿಗೆ ಒಂದು ನಿಮಿಷ ನೇತಾಡಲಾರದೆ ಅಮ್ಮಾ ಎಂದ. ಒಬ್ಬ ಹಲ್ಲಿನ ಡಾಕ್ಟರು ಬಂದು, ಎರಡನೇ ದಿನ ಬಲೆಗೆ ಬಿದ್ದು, ಬಿದ್ದ ಖುಷಿಗೇ ಎರಡು ವರ್ಷ ಬಂದರು. ಇಳಿಬಿಟ್ಟ ಬಟ್ಟೆಯದು, ಮೇಲಿನಿಂದ ತೂಗುಹಾಕಿದ ದೊಡ್ಡ ಕಬ್ಬಿಣದ ಬಳೆಯದು ನನ್ನ ಪಾಠ; ಟ್ರಪೀಜ್ ಅಕ್ಕನದು. ಪಾಠ ಮುಗಿದ ಮೇಲೆ ದಿನಕ್ಕೊಂದು ಸಲವಾದರೂ ನಾನು ಮೇಲೆ ಹತ್ತಿ ಅಕ್ಕನ ಕೈಗೆ ಹಾರುತ್ತಿದ್ದೆ. ಹಿಡಿದು, ತೂಗಿ, ಬಲೆಗೆ ಬಿಡುವಾಗ ಅವಳು ಹೇಳುತ್ತಿದ್ದುದು ಒಂದೇ ಮಾತು: "ಲೇಟು." ಅಥವಾ "ಬೇಗ." ಸರಿ ಎಂದದ್ದನ್ನು ನಾನು ಕೇಳಿಲ್ಲ.

ಹೀಗಿರುವಾಗ ಅಂಚೆಯಮ್ಮ ಬಂದರು.

ಐವತ್ತನಾಲ್ಕು ವರ್ಷ, ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ. ಗುಂಡಗೆ, ಗಿಡ್ಡಗೆ, ಮೂಗಿನ ತುದಿಯಲ್ಲಿ ಕನ್ನಡಕ. ಸಂಜೆ ಕಚೇರಿ ಮುಗಿಸಿ ಊಟದ ಡಬ್ಬಿಯ ಚೀಲ ಹಿಡಿದುಕೊಂಡೇ ಬಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, "ಇಪ್ಪತ್ತೆಂಟು ವರ್ಷ ಕೂತೇ ಇದೀನಿ ಟೀಚರ್. ಒಂದ್ಸಲ ಕಾಲು ನೆಲ ಬಿಡ್ಬೇಕು ಅನ್ಸಿದೆ. ಆಗುತ್ತಾ?" ಎಂದರು. ನಾನು ನಗು ತಡೆದುಕೊಂಡು ಆಚೆ ತಿರುಗಿದೆ. ಅಕ್ಕ ನಗಲಿಲ್ಲ. ಅವರ ಮಣಿಕಟ್ಟನ್ನು ಹಿಡಿದಳು, ಬಿಟ್ಟಳು. "ಒಣಗಿದೆ. ಬನ್ನಿ" ಎಂದಳು.

ಏಣಿ ಹತ್ತಲು ಅವರಿಗೆ ಮೂರು ವಾರ ಹಿಡಿಯಿತು. ಮೊದಲ ವಾರ ನಾಲ್ಕು ಮೆಟ್ಟಿಲು. ಅಷ್ಟಕ್ಕೇ ಅಕ್ಕ, "ನಿನ್ನೆಗಿಂತ ಒಂದು ಜಾಸ್ತಿ, ನೋಡಿದ್ರಾ!" ಎನ್ನುತ್ತಿದ್ದಳು. ನನಗೆ ಕಿವಿ ನಂಬಲಾಗಲಿಲ್ಲ. ಗಾಳಿಯಲ್ಲಿ ಎರಡು ಸುತ್ತು ಹಾಕಿ ಬಂದಾಗಲೂ ನನಗೆ "ಲೇಟು" ಎಂದವಳು, ಈ ಹೆಂಗಸು ನಾಲ್ಕು ಮೆಟ್ಟಿಲು ಹತ್ತಿ ಐದನೆಯದಕ್ಕೆ ಕಣ್ಣು ಮುಚ್ಚಿದರೆ ಎತ್ತಿ ಆಡಿಸುತ್ತಿದ್ದಾಳೆ! ಅವರ ಜೊತೆ ಕೂತು ನಮ್ಮ ಫ್ಲಾಸ್ಕಿನ ಒಂದೇ ಮುಚ್ಚಳದಲ್ಲಿ ಚಹಾ ಕುಡಿಯುತ್ತಾಳೆ. ತಪ್ಪು ವಿಳಾಸದ ಕಾಗದಗಳ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಅಕ್ಕನಿಗೆ ಅಷ್ಟು ಜೋರಾಗಿ ನಗಲು ಬರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಅಂಚೆಯಮ್ಮನಿಗೆ ಅವಳು ದೊಡ್ಡ ಟೀಚರ್, ನಾನು ಚಿಕ್ಕ ಟೀಚರ್. ಅವರಿಗೆ ನನ್ನ ಮೇಲೆ ಏನೂ ಇರಲಿಲ್ಲ, ಅದೇ ಇನ್ನೂ ಕೋಪ ತರಿಸುತ್ತಿತ್ತು. ಬಂದಾಗಲೆಲ್ಲ "ಚಿಕ್ಕ ಟೀಚರ್, ಊಟ ಆಯ್ತಾ?" ಎನ್ನುವರು. ನಾನು ಆಯಿತು ಎಂದು ಮೂಗು ಮುರಿದು ಬಟ್ಟೆ ಮಡಚುವ ನೆಪದಲ್ಲಿ ಆಚೆ ಹೋಗುತ್ತಿದ್ದೆ.

ಒಂದು ಸಂಜೆ ಅಕ್ಕ ಅವರ ಮಣಿಕಟ್ಟಿಗೆ ಬಿಳಿ ಪಟ್ಟಿ ಸುತ್ತುತ್ತಿದ್ದಳು. ನಮ್ಮಲ್ಲಿ ಹಾರುವವರ ಮಣಿಕಟ್ಟಿಗೆ ಹಿಡಿಯುವವಳೇ ಪಟ್ಟಿ ಸುತ್ತುವುದು ರೂಢಿ. ತಾನು ಹಿಡಿಯುವ ಜಾಗವನ್ನು ತಾನೇ ಸಿದ್ಧಮಾಡಿಕೊಂಡರೆ ಅವಳಿಗೆ ನಂಬಿಕೆ. ಸುತ್ತಿ, ಕೊನೆಯನ್ನು ಹಲ್ಲಿನಿಂದ ಹರಿದು, ಹೆಬ್ಬೆರಳಿನಿಂದ ಒತ್ತುವುದು ಅಕ್ಕನ ಕ್ರಮ. ನಾನೂ ಹೋಗಿ ಕೈ ಚಾಚಿ ನಿಂತೆ. ಸುರುಳಿ ಖಾಲಿಯಾಗಿತ್ತು. "ಗೂಡಿನಲ್ಲಿ ಇನ್ನೊಂದಿದೆ, ನೀನೇ ಸುತ್ಕೋ" ಎಂದಳು. ಇಷ್ಟು ವರ್ಷಗಳಲ್ಲಿ ಇದೇ ಮೊದಲ ಸಲ. ಸುತ್ತಿಕೊಂಡೆ. ವಕ್ರವಾಗಿತ್ತು. ಅವತ್ತು ನಾನು ಹಾರಲಿಲ್ಲ, ತಲೆನೋವು ಎಂದೆ.

ಅಕ್ಕನ ಎಡ ಭುಜ ಆ ಹೊತ್ತಿಗಾಗಲೇ ಹಾಳಾಗುತ್ತಾ ಬಂದಿತ್ತು. ಬೆಳಿಗ್ಗೆ ತಲೆ ಬಾಚಲು ಕೈ ಎತ್ತಲಾಗುತ್ತಿರಲಿಲ್ಲ. ಮೂಳೆಯ ಡಾಕ್ಟರು ಎಕ್ಸ್‌ರೇ ಹಿಡಿದು, "ಇನ್ನು ಸಾಕಮ್ಮ. ಇದು ಒಂದ್ಸಲ ಕಿತ್ತುಬಂದ್ರೆ ಆಮೇಲೆ ತಟ್ಟೆ ಎತ್ತೋದಕ್ಕೂ ಬರಲ್ಲ" ಎಂದರು. ನಮ್ಮ ಶಾಲೆಯಲ್ಲಿ ವರ್ಷಕ್ಕೊಮ್ಮೆ ಕಲಿಯುವವರ ಮನೆಯವರನ್ನು ಕರೆದು ಆಟ ತೋರಿಸುತ್ತೇವೆ. ಅಕ್ಕ ಲೆಕ್ಕ ಹಾಕಿ, ಆವತ್ತಿನ ತನಕ ಭುಜಕ್ಕೆ ಬಿಸಿನೀರಿನ ಶಾಖ ಕೊಟ್ಟುಕೊಂಡು ನಡೆಸುವುದು, ಆವತ್ತು ಒಬ್ಬರನ್ನು ಹಿಡಿದು ಅದನ್ನೇ ಕೊನೆ ಮಾಡುವುದು ಎಂದು ತೀರ್ಮಾನಿಸಿದಳು.

ಆ ಒಬ್ಬರು ನಾನೇ ಎಂಬುದರಲ್ಲಿ ನನಗೆ ಎರಡನೇ ಮಾತೇ ಇರಲಿಲ್ಲ. ಹಳೆಯ ನೀಲಿ ಅಂಗಿಯ ಬಣ್ಣದ್ದೇ ಒಂದು ಅಂಗಿ ಹೊಲಿಸಲು ಕೊಟ್ಟೂ ಬಂದೆ.

ಬಲೆಗೆ ಗಂಟು ಬಿಗಿಯುತ್ತಾ ಕೂತಿದ್ದಾಗ ಅಕ್ಕ ಹೇಳಿದಳು: "ಆವತ್ತು ಅಂಚೆಯಮ್ಮನ್ನ ಹಿಡಿತೀನಿ."

"ನಾನು?"

"ನೀನು ಹಗ್ಗ ಹಿಡಿ. ಅವರ ಭಾರಕ್ಕೆ ಹಗ್ಗ ಹಿಡಿಯೋಕೆ ನಿನ್ನಷ್ಟು ಗೊತ್ತಿರೋರು ಇನ್ಯಾರಿದಾರೆ?"

"ಕೊನೇ ಸಲ ಅಂತೀಯ. ಕೊನೇ ಸಲ ಅವರಾ?"

"ನಿನ್ನ ಹತ್ತು ಹನ್ನೆರಡು ಸಾವಿರ ಸಲ ಹಿಡಿದಿದೀನಿ ಕಣೇ. ಅವರಿಗೆ ಒಂದ್ಸಲ. ಇನ್ನೂ ಸಾಲ್ದಾ ನಿಂಗೆ?"

ಸಾಲದು ಎಂದು ಕಿರುಚಬೇಕೆನಿಸಿತು. ಆದರೆ ನಲವತ್ತೆರಡು ವರ್ಷದ ಹೆಂಗಸು ಹಾಗೆಲ್ಲ ಕಿರುಚುವಂತಿಲ್ಲ. ಗಂಟನ್ನು ಇನ್ನಷ್ಟು ಬಿಗಿದೆ. ಬೆರಳಿನ ಚರ್ಮ ಎದ್ದು ಬಂತು.

ಹಗ್ಗದ ಕೆಲಸವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಕಲಿಯುವವರ ಸೊಂಟಕ್ಕೆ ಅಗಲವಾದ ಬೆಲ್ಟು ಕಟ್ಟುತ್ತೇವೆ. ಬೆಲ್ಟಿನ ಎಡ ಬಲದಿಂದ ಎರಡು ಹಗ್ಗ ಮೇಲೆ ಹೋಗಿ, ರಾಟೆಯ ಮೂಲಕ ಕೆಳಗಿಳಿದು ನೆಲದ ಮೇಲೆ ನಿಂತವರ ಕೈಗೆ ಬರುತ್ತವೆ. ಜೋಕಾಲಿಗೆ ಮಂಡಿ ಸಿಕ್ಕಿಸಿ ತಲೆಕೆಳಗಾಗಿ ತೂಗುತ್ತಾ ಹೋದವರ ಮಣಿಕಟ್ಟನ್ನು ಎದುರಿನಿಂದ ಬಂದ ಹಿಡಿಯುವವಳು ಹಿಡಿದು "ಹಾ!" ಎನ್ನುತ್ತಾಳೆ. ಆ ಕೂಗಿಗೆ ಮೇಲಿನವರು ಮಂಡಿ ಬಿಡಿಸಬೇಕು, ಕೆಳಗಿನವರು ಹಗ್ಗ ಸಡಿಲಿಸಬೇಕು. ಆಗ ಇಬ್ಬರೂ ಒಟ್ಟಿಗೆ ಆಚೆ ತೂಗುತ್ತಾರೆ. ಹೊಸಬರು ಗಾಬರಿಯಲ್ಲಿ ಮಂಡಿ ಬಿಡಿಸುವುದನ್ನು ತಡಮಾಡುವುದು ಮಾಮೂಲು. ಹಗ್ಗ ಹಿಡಿದವರು ತಡಮಾಡುವುದಿಲ್ಲ. ಅದು ಅವರ ಕಸುಬು.

ಆವತ್ತು ಗೋದಾಮಿನ ತುಂಬ ಕಬ್ಬಿಣದ ಕುರ್ಚಿಗಳು. ಅಂಚೆ ಕಚೇರಿಯವರೇ ಒಂದು ಸಾಲು ಕೂತಿದ್ದರು. ಅಂಚೆಯಮ್ಮ ಏಣಿಯನ್ನು ಒಂದೂ ಸಲ ನಿಲ್ಲದೆ ಹತ್ತಿದರು. ಹಲಗೆಯ ಮೇಲೆ ನಿಂತು ಎದುರಿಗೆ ನೋಡಿದರು. ಅಕ್ಕ ಆಗಲೇ ತಲೆಕೆಳಗಾಗಿ ತೂಗುತ್ತಿದ್ದಳು. ಅಲ್ಲಿಂದ ಕೂಗಿದಳು: "ನೀವು ನನ್ನನ್ನ ಹುಡುಕ್ಬೇಡಿ. ಕೈ ಚಾಚಿ ಸುಮ್ನೆ ಬನ್ನಿ. ನಾನೇ ಹಿಡಿತೀನಿ."

ಅದು ನನ್ನ ಮಾತು. ಹನ್ನೊಂದು ವರ್ಷದವಳಿದ್ದಾಗ ನನಗೆ ಅಂತ ಹೇಳಿದ ಮಾತು.

ಅಂಚೆಯಮ್ಮ ಹೊರಟರು. ಒಂದು ತೂಗಿಗೆ ಮಂಡಿ ಸಿಕ್ಕಿಸಿದರು, ಇನ್ನೊಂದಕ್ಕೆ ಬೆನ್ನು ಬಾಗಿಸಿ ಕೈ ಚಾಚಿದರು. ಕಲಿಸಿದ್ದಕ್ಕಿಂತ ಚೆನ್ನಾಗಿತ್ತು. ಅಕ್ಕ ಬಂದಳು, ಎರಡೂ ಮಣಿಕಟ್ಟು ಹಿಡಿದಳು, "ಹಾ!" ಎಂದಳು. ಅಂಚೆಯಮ್ಮನ ಮಂಡಿ ಬಿಡಿಸಿಕೊಂಡಿತು.

ನಾನು ಹಗ್ಗ ಬಿಡಲಿಲ್ಲ.

ಯೋಚಿಸಿ ಮಾಡಿದ್ದಲ್ಲ ಎಂದು ಹೇಳಿದರೆ ಅರ್ಧ ಸುಳ್ಳು. ಕೈ ತಾನಾಗಿ ಮುಷ್ಟಿಯಾಯಿತು, ನಾನು ಅದನ್ನು ಬಿಡಿಸಲಿಲ್ಲ. ಒಂದು ಉಸಿರಿನಷ್ಟು ಹೊತ್ತು. ಆ ಹೊತ್ತಿನಲ್ಲಿ ಅಕ್ಕನ ತೂಗು ಆಚೆ ಎಳೆಯಿತು, ನನ್ನ ಹಗ್ಗ ಈಚೆ ಎಳೆಯಿತು, ಮಧ್ಯೆ ಅಂಚೆಯಮ್ಮ. ಅಕ್ಕ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಅವಳು ಬಿಡುವವಳಲ್ಲ. ಬಲಗೈ ಜಾರಿತು, ಎಡಗೈ ಹಿಡಿದೇ ಇತ್ತು. ಹಳೆಯ ಬಟ್ಟೆ ಹರಿದಂಥ ಸದ್ದು ಕೆಳಗಿನವರೆಗೂ ಕೇಳಿಸಿತು. ಆಗ ನಾನು ಹಗ್ಗ ಬಿಟ್ಟೆ. ಅಂಚೆಯಮ್ಮ ಬಲೆಗೆ ಬಿದ್ದು ಎರಡು ಸಲ ಪುಟಿದರು. ಅಕ್ಕ ಒಂದು ಕೈ ಜೋತುಬಿಟ್ಟುಕೊಂಡು ಮೇಲೆಯೇ ತೂಗುತ್ತಿದ್ದಳು.

ಜನರೆಲ್ಲ ಎದ್ದು ನಿಂತರು. ಹಲ್ಲಿನ ಡಾಕ್ಟರು, "ಮಂಡಿ ಬಿಡಿಸೋದು ತಡ ಮಾಡಿಬಿಟ್ರು" ಎಂದರು. ಎಲ್ಲರೂ ಹೌದು ಹೌದು ಎಂದರು. ಅಂಚೆಯಮ್ಮ ಬಲೆಯಲ್ಲೇ ಕೂತು, ಕನ್ನಡಕವಿಲ್ಲದ ಕಣ್ಣನ್ನು ಕಿರಿದುಮಾಡಿ ಮೇಲೆ ನೋಡುತ್ತಾ, "ತಪ್ಪಾಯ್ತು ಟೀಚರ್, ತಪ್ಪಾಯ್ತು" ಎನ್ನುತ್ತಿದ್ದರು. ನಾನು ಏನೂ ಹೇಳಲಿಲ್ಲ.

ಆಮೇಲೆ ಅವರು ಬರುವುದನ್ನು ನಿಲ್ಲಿಸಿದರು.

ಅಕ್ಕನ ಕೈ ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಗೆ ಬಿತ್ತು. ಅವಳ ತಲೆ ಬಾಚುವವಳು, ಅಂಗಿ ತೊಡಿಸುವವಳು, ತುತ್ತು ಮಾಡಿ ಕೊಡುವವಳು ಎಲ್ಲ ನಾನೇ. ಸತ್ಯ ಹೇಳಬೇಕೆಂದರೆ ಮೊದಲ ಕೆಲವು ದಿನ ನನಗೆ ಖುಷಿಯಾಗಿತ್ತು. ಇಡೀ ಅಕ್ಕ ನನ್ನ ಪಾಲಿಗೆ ಬಂದಿದ್ದಳು. ಫ್ಲಾಸ್ಕಿನ ಮುಚ್ಚಳದಲ್ಲಿ ಈಗ ನಾನು ಚಹಾ ಕುಡಿಯುತ್ತಿದ್ದೆ. ಅಷ್ಟೆಲ್ಲ ಇದ್ದೂ ಅವಳು ನಗುತ್ತಿರಲಿಲ್ಲ. ನಾನೇ ಎರಡು ತಪ್ಪು ವಿಳಾಸದ ಕಥೆಗಳನ್ನು ಕಟ್ಟಿ, ಉಪ್ಪುಖಾರ ಹಚ್ಚಿ ಹೇಳಿ ನೋಡಿದೆ. ಅವಳು ನನ್ನ ಮುಖವನ್ನೇ ನೋಡಿ, ಚಹಾ ಆರುತ್ತಿದೆ ಎಂದಳು.

ಆವತ್ತು ಏನಾಯಿತು ಎಂದು ಅವಳು ಕೇಳಲಿಲ್ಲ. ಅಂಚೆಯಮ್ಮ ಯಾಕೆ ಬರುತ್ತಿಲ್ಲ ಎಂದೂ ಕೇಳಲಿಲ್ಲ. ನಾನು ಇದನ್ನು ನನ್ನ ಅದೃಷ್ಟ ಎಂದುಕೊಂಡೆ. ತಲೆಕೆಳಗಾಗಿ ಇದ್ದವಳಿಗೆ ಏನು ಕಂಡೀತು ಎಂದು ಸಮಾಧಾನ ಮಾಡಿಕೊಂಡೆ.

ನನಗೆ ಹಾರಾಟವೂ ಮುಗಿದಿತ್ತು. ಹಿಡಿಯಲು ಯಾರೂ ಇಲ್ಲದ ಮೇಲೆ ಎಲ್ಲಿಗೆ ಹಾರುವುದು? ಒಂದು ದಿನ ಅಕ್ಕ ಕುರ್ಚಿಯಲ್ಲಿ ಕೂತೇ ಹೇಳಿದಳು: "ಇನ್ಮೇಲೆ ಹಿಡಿಯೋಳು ನೀನು. ಹತ್ತು ಆ ಕಡೆಗೆ."

"ನನ್ನ ಕೈ ಗಿಡ್ಡ."

"ಗಿಡ್ಡ ಇದ್ರೆ ಬೇಗ ಹೋಗು. ಹತ್ತು."

ಎರಡು ವಾರ ಮರಳಿನ ಚೀಲ ಹಿಡಿಯುವ ಅಭ್ಯಾಸ ಮಾಡಿಸಿದಳು. ಮಂಡಿಯ ಹಿಂಬದಿ ನೀಲಿಗಟ್ಟಿತು. ಮುಖಕ್ಕೆ ರಕ್ತ ಇಳಿದು ಕಣ್ಣಲ್ಲಿ ನೀರು ಬರುತ್ತಿತ್ತು. ಹಾರುವುದು ಕಷ್ಟ ಎಂದುಕೊಂಡು ಇಷ್ಟು ವರ್ಷ ಮೆರೆದವಳು ನಾನು. ಅಕ್ಕ ಹದಿನಾರರಿಂದ ದಿನವೂ ಮಾಡಿದ್ದು ಇದನ್ನು. ಚೀಲ ಜಾರಿ ಬಿದ್ದಾಗಲೆಲ್ಲ ಅವಳು ಕೆಳಗಿನಿಂದ, "ನೀನು ಮೊದಲು ಬಿಡೋ ಹಾಗಿಲ್ಲ. ಬಿಡೋದಾದ್ರೆ ಅದು ಬಿಡ್ಲಿ" ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಚೀಲ ಕಟ್ಟಲಿಲ್ಲ. "ಸುಮ್ನೆ ತೂಗು. ಮೈ ಬಿಟ್ಟು ತೂಗು" ಎಂದಳು. ತೂಗಿದೆ. ಅವಳು ಕುರ್ಚಿಯಿಂದ ಎದ್ದು, ನಿಧಾನವಾಗಿ ನಡೆದು, ಹಗ್ಗ ಇಳಿಯುವ ಜಾಗದಲ್ಲಿ ನಿಂತಳು. ಒಳ್ಳೆಯ ಕೈಯಲ್ಲಿ ಹಗ್ಗದ ಎರಡೂ ತುದಿ ಹಿಡಿದುಕೊಂಡಳು.

"ಅಲ್ಲಿಂದ ಏನು ಕಾಣ್ಸುತ್ತೆ?"

"ಬಲೆ. ಹಲಗೆ."

"ಇನ್ನೇನು?"

ಅವಳೇ ಕಾಣಿಸುತ್ತಿದ್ದಳು. ಎತ್ತರದ ಕಿಟಕಿಯ ಬೆಳಕು ನೇರವಾಗಿ ಅವಳ ಮೇಲೆ ಬೀಳುತ್ತಿತ್ತು. ಮುಖ, ಕೊರಳು, ಹಗ್ಗ ಹಿಡಿದ ಮುಷ್ಟಿ, ಮುಷ್ಟಿಯ ಒಂದೊಂದು ಗೆಣ್ಣು. ತೂಗು ಮುಂದೆ ಹೋದಷ್ಟೂ ಇನ್ನೂ ಹತ್ತಿರ. ಹಾರಿ ಬರುವವರ ಮುಖದ ಪಕ್ಕದಲ್ಲೇ, ಸ್ವಲ್ಪ ಕೆಳಗೆ, ಹಗ್ಗ ಹಿಡಿದವರ ಮುಖ. ತಲೆಕೆಳಗಾಗಿದ್ದರೇನು, ಅಷ್ಟು ಚೆನ್ನಾಗಿ ಕಾಣುವ ಜಾಗ ಆ ಗೋದಾಮಿನಲ್ಲಿ ಇನ್ನೊಂದಿಲ್ಲ. ಆವತ್ತು ಅಲ್ಲಿ ನಿಂತಿದ್ದ ನನ್ನ ಮುಖವೂ, ಮುಷ್ಟಿಯೂ ಅಕ್ಕನಿಗೆ ಹೀಗೇ ಕಂಡಿರಬೇಕು.

"ಏನಿಲ್ಲ" ಎಂದೆ.

"ಸರಿ. ಇಳಿ" ಎಂದಳು ಅಕ್ಕ. ಹಗ್ಗವನ್ನು ಗೂಟಕ್ಕೆ ಸುತ್ತಿ, ಹೋಗಿ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಮರುದಿನ ಬೆಳಿಗ್ಗೆ ನಾನು ಅಂಚೆ ಕಚೇರಿಗೆ ಹೋದೆ. ಸಾಲಿನಲ್ಲಿ ನನ್ನ ಮುಂದೆ ಏಳು ಜನ ಇದ್ದರು. ಒಬ್ಬೊಬ್ಬರು ಮುಗಿದಾಗಲೂ ಓಡಿಹೋಗೋಣ ಅನಿಸುತ್ತಿತ್ತು. ಗಾಜಿನ ಹಿಂದೆ ಅಂಚೆಯಮ್ಮ ತಲೆ ಬಗ್ಗಿಸಿ ಟಪ್ ಟಪ್ ಎಂದು ಮುದ್ರೆ ಒತ್ತುತ್ತಿದ್ದರು. ನನ್ನ ಸರದಿ ಬಂದಾಗ ತಲೆ ಎತ್ತಿದರು.

"ಚಿಕ್ಕ ಟೀಚರ್. ಊಟ ಆಯ್ತಾ?"

ಬೆಳಿಗ್ಗೆ ಹತ್ತೂವರೆ. ಊಟದ ಹೊತ್ತೇ ಅಲ್ಲ. "ಆವತ್ತು ನಿಮ್ಮ ತಪ್ಪಿರ್ಲಿಲ್ಲ" ಎಂದೆ. "ಮಂಡಿ ನೀವು ಸರಿಯಾಗೇ ಬಿಡಿಸಿದ್ರಿ. ಹಗ್ಗ ನಾನು ಬಿಡ್ಲಿಲ್ಲ. ಬೇಕು ಅಂತಾನೇ ಬಿಡ್ಲಿಲ್ಲ."

ಅವರು ಮುದ್ರೆಯನ್ನು ಪಕ್ಕಕ್ಕಿಟ್ಟರು. "ಗೊತ್ತು" ಎಂದರು.

"ಗೊತ್ತಾ?"

"ಆವತ್ತು ಬಲೇಲಿ ಬಿದ್ದಾಗ ಗೊತ್ತಾಗ್ಲಿಲ್ಲ, ನನ್ನದೇ ತಪ್ಪು ಅಂದ್ಕೊಂಡೆ. ಮನೆಗೆ ಹೋಗಿ ಸ್ನಾನ ಮಾಡುವಾಗ ನೋಡ್ತೀನಿ, ಸೊಂಟದ ಎರಡೂ ಕಡೆ ನೀಲಿ. ಮಂಡಿ ಸಿಕ್ಕಿಹಾಕ್ಕೊಂಡಿದ್ರೆ ಮಂಡಿಗೆ ಪೆಟ್ಟಾಗ್ಬೇಕಲ್ವಾ? ಬೆಲ್ಟಿನ ಜಾಗದಲ್ಲಿ ಯಾಕಾಗುತ್ತೆ?"

"ಮತ್ತೆ ಯಾಕೆ ಯಾರಿಗೂ ಹೇಳ್ಲಿಲ್ಲ?"

"ಹೇಳೋಣ ಅಂತಲೇ ಹೊರಟಿದ್ದೆ. ಅಷ್ಟರಲ್ಲಿ ನಿಮ್ಮಕ್ಕ ಬಂದ್ರು ಇಲ್ಲಿಗೆ. ಕೈ ಜೋಳಿಗೇಲಿತ್ತು. ನೀವು ನಿಂತಿರೋ ಜಾಗದಲ್ಲೇ ನಿಂತಿದ್ರು."

ಅಕ್ಕ ಬಂದಿದ್ದಳು. ಔಷಧಿ ತರುತ್ತೇನೆ ಎಂದು ಹೋಗಿ ಬರಿಗೈಯಲ್ಲಿ ಬಂದ ಆ ದಿನ ಇರಬೇಕು.

"'ತಪ್ಪು ನಿಮ್ಮದೇ ಅಂತ ಇರ್ಲಿ' ಅಂದ್ರು. 'ಅವಳಾಗೇ ಬಂದು ಹೇಳೋ ತನಕ ನೀವು ಬರ್ಬೇಡಿ. ನೀವು ಕಣ್ಣೆದುರು ಇದ್ರೆ ಅವಳು ಹೇಳಲ್ಲ' ಅಂದ್ರು. 'ಹೇಳ್ದೇ ಹೋದ್ರೆ?' ಅಂತ ಕೇಳ್ದೆ. ಜೋಳಿಗೆ ಸರಿಮಾಡ್ಕೊಂಡ್ರು. ಆಮೇಲೆ, 'ಹೇಳ್ದೇ ಹೋದ್ರೆ ನಾನು ನಿಮ್ಮನ್ನ ಬಿಡ್ಬೇಕಾಗುತ್ತೆ, ಅವಳು ನನ್ನ ತಂಗಿ' ಅಂದ್ರು. ಅಳ್ತಿದ್ರು. ಸಾಲಲ್ಲಿದ್ದೋರೆಲ್ಲ ನೋಡ್ತಿದ್ರು."

ನನಗೆ ಆಗ ಮೊದಲು ಬಂದದ್ದು ನಾಚಿಕೆಯಲ್ಲ. ಹೇಳಿಬಿಡುತ್ತೇನೆ: ಹೊಟ್ಟೆಕಿಚ್ಚು. ಅಕ್ಕ ಇವರ ಮುಂದೆ ಅತ್ತಿದ್ದಳು, ನನ್ನ ಮುಂದೆ ಅಳಲಿಲ್ಲ. ಇಬ್ಬರೂ ಸೇರಿ ಒಂದು ಮಾತನ್ನು ಇಷ್ಟು ದಿನ ಬಚ್ಚಿಟ್ಟುಕೊಂಡಿದ್ದರು. ಆ ಉರಿ ಒಂದು ಸುತ್ತು ಬಂದು ಇಳಿದ ಮೇಲೆಯೇ ಉಳಿದದ್ದು ನನಗೆ ತಟ್ಟಿದ್ದು. ಅಕ್ಕ ನನ್ನನ್ನೇ ಆರಿಸಿಕೊಂಡಿದ್ದಳು. ನಾನು ಬೇಡಿದ್ದು ಅದೇ ತಾನೇ? ಅದಕ್ಕಾಗಿ ತನ್ನ ಭುಜವನ್ನೂ, ತನ್ನನ್ನು ನಗಿಸುತ್ತಿದ್ದ ಒಬ್ಬರೇ ಒಬ್ಬರನ್ನೂ ಕಳೆದುಕೊಂಡು, ನನ್ನ ಕೈಯಿಂದ ತುತ್ತು ತಿನ್ನುತ್ತಾ ಸುಮ್ಮನೆ ಕಾಯುತ್ತಿದ್ದಳು.

"ದಿನಾ ಬೆಳಿಗ್ಗೆ ಈ ಮುದ್ರೇಲಿ ತಾರೀಕು ಬದಲಾಯಿಸ್ತೀನಿ" ಎಂದರು ಅಂಚೆಯಮ್ಮ. "ಇವತ್ತಿಗೆ ಐವತ್ತೆರಡು ದಿನ ಆಯ್ತು. ಇನ್ನು ಬರಲ್ಲ ಇವಳು ಅಂತ ಆಸೆ ಬಿಟ್ಟಿದ್ದೆ."

"ಶನಿವಾರ ಬನ್ನಿ" ಎಂದೆ.

"ಯಾರು ಹಿಡಿತಾರೆ?"

"ನಾನು."

"ಹಗ್ಗ?"

"ಅಕ್ಕ. ಒಂದೇ ಕೈ. ಆದ್ರೆ ಅಕ್ಕ."

ಅವರು ಕನ್ನಡಕ ಸರಿಮಾಡಿಕೊಂಡು ನನ್ನ ಕೈಗಳನ್ನು ನೋಡಿದರು. ನನ್ನ ಹಿಂದೆ ನಿಂತಿದ್ದ ಮುದುಕರೊಬ್ಬರು, "ಏನಮ್ಮಾ, ಒಂದು ಅಂಚೆಚೀಟಿಗೆ ಇಷ್ಟು ಹೊತ್ತಾ?" ಎಂದು ಗೊಣಗಿದರು. ಅಂಚೆಯಮ್ಮ ಅವರ ಕಡೆ ನೋಡಲಿಲ್ಲ.

"ಕೈ ಕೊಡಿ" ಎಂದರು.

ಗಾಜಿನ ಕೆಳಗೆ ಕಾಗದ ತೂರಿಸುವ ಕಂಡಿಯಿತ್ತು. ಅದರೊಳಗೆ ಕೈ ತೂರಿಸಿದೆ. ಅವರು ನನ್ನ ಮಣಿಕಟ್ಟನ್ನು ಹಿಡಿದರು, ನಾನು ಅವರದನ್ನು ಹಿಡಿದೆ. ಅವರ ಬೆರಳಲ್ಲಿ ಮುದ್ರೆಯ ಶಾಯಿಯಿತ್ತು. ಒಮ್ಮೆ ತಮ್ಮ ಕಡೆಗೆ ಎಳೆದು ನೋಡಿದರು. ಇನ್ನೊಮ್ಮೆ ಜೋರಾಗಿ ಎಳೆದರು, ನನ್ನ ಭುಜ ಗಾಜಿಗೆ ತಾಗಿತು.

"ಸರಿ, ಬಿಡಿ. ಜನ ಕಾಯ್ತಿದಾರೆ" ಎಂದು ಅವರು ಬೆರಳು ಸಡಿಲಿಸಿದರು.

ನಾನು ಇನ್ನೂ ಹಿಡಿದೇ ಇದ್ದೆ.